ಹೊಲಿದ ಬೆನ್ನಿನ ಸಭಾ ನಡವಳಿ ಪುಸ್ತಕ: ಎರಡು ವರ್ಷ ಬಳಸಿದ ಮೇಲೆ

ನಾನು ಮಂಡ್ಯ ತಾಲ್ಲೂಕಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದೇನೆ. ಶಿಕ್ಷಕರು, ಗುಮಾಸ್ತರು, ಜವಾನರು, ಬಿಸಿಯೂಟದ ಅಡುಗೆಯವರು ಎಲ್ಲರೂ ಸೇರಿ ನಾವು 17 ಮಂದಿ. ಸಿಬ್ಬಂದಿ ಸಭೆಗೆಂದೇ ಮೈಸೂರಿನಲ್ಲಿ ಹೇಳಿ ಮಾಡಿಸಿ, ಎರಡು ಶೈಕ್ಷಣಿಕ ವರ್ಷಗಳಲ್ಲಿ 41 ಸಭೆಗಳಿಗೆ ಬಳಸಿದ ಒಂದು ನಡವಳಿ ಪುಸ್ತಕದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಇದು ಸ್ಟೇಷನರಿ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ರಿಜಿಸ್ಟರ್ ಅಲ್ಲ. ದೊಡ್ಡ ಗಡಿಯಾರದಿಂದ ನಾಲ್ಕು ಹೆಜ್ಜೆ ಒಳಗೆ ಹೋದರೆ ಸಿಗುವ ಗಲ್ಲಿಯಲ್ಲಿ, ಹೆಸರಿನ ಫಲಕವೂ ಇಲ್ಲದ ಒಂದೇ ಬಾಗಿಲಿನ ಮಳಿಗೆಯಲ್ಲಿ, ಹಿರಿಯರೊಬ್ಬರು ನಾವು ಬರೆದುಕೊಟ್ಟ ನಮೂನೆಯನ್ನು ಮುದ್ರಿಸಿ ತರಿಸಿ, ದಾರದಲ್ಲಿ ಹೊಲಿದು, ರಟ್ಟು ಹಾಕಿ ಕಟ್ಟಿಕೊಟ್ಟದ್ದು. ಸಭೆ ನಡೆಸುವ ಹೊಣೆ ಹೊತ್ತವರಿಗೆ, ಅದು ಶಾಲೆಯಾಗಲಿ, ಸಹಕಾರ ಸಂಘವಾಗಲಿ, ಹತ್ತು ಜನರಿರುವ ಕಚೇರಿಯಾಗಲಿ, ಇದರಿಂದ ಉಪಯೋಗವಾಗಬಹುದೆಂಬ ನಂಬಿಕೆಯಿಂದ ಇದರ ಗುಣ ಮತ್ತು ದೋಷ ಎರಡನ್ನೂ ವಿವರವಾಗಿ ದಾಖಲಿಸುತ್ತಿದ್ದೇನೆ.

ಮೊದಲು ನಮ್ಮ ಸಭೆಗಳು ಹೇಗಿದ್ದವು ಎಂಬುದನ್ನು ಹೇಳದಿದ್ದರೆ ಈ ಪುಸ್ತಕದ ಬೆಲೆ ತಿಳಿಯುವುದಿಲ್ಲ. ತಿಂಗಳಿಗೊಮ್ಮೆ ಶನಿವಾರ ಮಧ್ಯಾಹ್ನ ತರಗತಿಗಳು ಮುಗಿದ ಮೇಲೆ ಸೇರುತ್ತಿದ್ದೆವು. ಇಲಾಖೆಯಿಂದ ಬಂದ ಸುತ್ತೋಲೆಗಳನ್ನು ನಾನು ಒಂದೊಂದಾಗಿ ಓದುತ್ತಿದ್ದೆ. ಆಮೇಲೆ ಮಾತು ಎಲ್ಲಿಗೆ ಹೋಯಿತೋ ಅಲ್ಲಿಗೆ ಸಭೆಯೂ ಹೋಗುತ್ತಿತ್ತು. ಒಮ್ಮೆ ಶಾಲಾ ವಾರ್ಷಿಕೋತ್ಸವಕ್ಕೆ ಶಿಕ್ಷಕಿಯರು ಯಾವ ಬಣ್ಣದ ಸೀರೆ ಉಡಬೇಕು ಎಂಬುದಕ್ಕೆ ಅರ್ಧ ಗಂಟೆ ಹಿಡಿಯಿತು. ಹತ್ತನೆಯ ತರಗತಿಯ ಗಣಿತದಲ್ಲಿ ಹಿಂದುಳಿದಿದ್ದ ಮಕ್ಕಳ ವಿಷಯ ಬರುವ ಹೊತ್ತಿಗೆ ಮೈಸೂರಿನಿಂದ ಓಡಾಡುವ ಶಿಕ್ಷಕರು ಬಸ್ಸಿಗೆ ಹೊತ್ತಾಯಿತೆಂದು ಚೀಲ ಹೆಗಲಿಗೇರಿಸಿದ್ದರು. ಹಳೆಯ ರಿಜಿಸ್ಟರಿನಲ್ಲಿ ಆ ದಿನದ ನಡವಳಿ ಈಗಲೂ ಇದೆ: "ಹತ್ತನೆಯ ತರಗತಿಯ ಫಲಿತಾಂಶ ಸುಧಾರಣೆಯ ಕುರಿತು ಚರ್ಚಿಸಲಾಯಿತು. ಸೂಕ್ತ ಕ್ರಮ ಕೈಗೊಳ್ಳಲು ಎಲ್ಲ ಶಿಕ್ಷಕರಿಗೆ ಸೂಚಿಸಲಾಯಿತು." ಇದೇ ವಾಕ್ಯ, ಅಕ್ಷರ ವ್ಯತ್ಯಾಸವಿಲ್ಲದೆ, ಅದರ ಹಿಂದಿನ ಮೂರು ಸಭೆಗಳಲ್ಲೂ ಇತ್ತು. ಯಾರು, ಯಾವಾಗ, ಏನು ಮಾಡಬೇಕು ಎಂಬುದು ನಾಲ್ಕು ಕಡೆಯಲ್ಲಿಯೂ ಇರಲಿಲ್ಲ.

ಆ ರಿಜಿಸ್ಟರನ್ನು ಬೇಸಿಗೆ ರಜೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿದಾಗ ಒಂದು ಲೆಕ್ಕ ಹಾಕಿದೆ. ನಮ್ಮ ಸಭೆ ಸಾಮಾನ್ಯವಾಗಿ ಒಂದೂವರೆ ಗಂಟೆ ನಡೆಯುತ್ತಿತ್ತು. 17 ಮಂದಿಯ ತಲಾ 90 ನಿಮಿಷ ಎಂದರೆ 1,530 ನಿಮಿಷ. 40 ನಿಮಿಷದ ಪಿರಿಯಡ್‌ಗಳಾಗಿ ಭಾಗಿಸಿದರೆ 38 ಪಿರಿಯಡ್‌. ಅಂದರೆ ಒಂದು ಸಭೆಗೆ ನಾವು 38 ಪಾಠಗಳ ಹೊತ್ತನ್ನು ಕೊಡುತ್ತಿದ್ದೆವು, ಮತ್ತು ಅದಕ್ಕೆ ಪ್ರತಿಯಾಗಿ ಪಡೆದದ್ದು "ಸೂಕ್ತ ಕ್ರಮ" ಎಂಬ ಎರಡು ಪದ. ಅಂದಿನಿಂದ ನನಗೆ ಸಭೆಯ ನಿಮಿಷಗಳ ಮೇಲೆ ಬೇರೆಯದೇ ಗೌರವ ಬಂದಿದೆ.

ನಮೂನೆಯನ್ನು ನಾನು ಮತ್ತು ನಮ್ಮ ಕಚೇರಿಯ ಗುಮಾಸ್ತರು ಕೂತು ಪೆನ್ಸಿಲ್ಲಿನಲ್ಲಿ ಎಳೆದೆವು. ಒಂದು ಸಭೆಗೆ ಎದುರುಬದುರಿನ ಎರಡು ಪುಟ. ಎಡಪುಟ ಸಭೆಗೆ ಮೊದಲು ತುಂಬುವುದಕ್ಕೆ, ಬಲಪುಟ ಸಭೆ ನಡೆಯುವಾಗ ತುಂಬುವುದಕ್ಕೆ. ಎಡಪುಟದಲ್ಲಿ ದಿನಾಂಕ, ಆರಂಭ ಮತ್ತು ಮುಕ್ತಾಯದ ವೇಳೆ, ಅದರ ಕೆಳಗೆ ಕಾರ್ಯಸೂಚಿ: ವಿಷಯ, ಸೂಚಿಸಿದವರು, ಮಂಡಿಸುವವರು, ನಿಮಿಷ, ಉದ್ದೇಶ. ಬಲಪುಟದಲ್ಲಿ ತೀರ್ಮಾನ, ಹೊಣೆ, ಗಡುವು, ಅನುಪಾಲನೆ ಎಂಬ ನಾಲ್ಕು ಕಾಲಂ, ತಳದಲ್ಲಿ ಹಾಜರಾದವರ ಸಹಿ. ಇಷ್ಟನ್ನು ಹಿಡಿದುಕೊಂಡು ಮೈಸೂರಿಗೆ ಹೋಗಿ ಮೂರು ಕಡೆ ವಿಚಾರಿಸಿದೆ. ಎರಡು ಕಡೆ ನೂರು ಪುಸ್ತಕಕ್ಕಿಂತ ಕಡಿಮೆಯಾದರೆ ಆಗುವುದಿಲ್ಲ ಎಂದರು. ಗಲ್ಲಿಯ ಹಿರಿಯರು ಮಾತ್ರ ಕಾಗದವನ್ನು ಬೆಳಕಿಗೆ ಹಿಡಿದು ಓದಿ, "ಮೇಡಂ, ಇದನ್ನ ಬರೆಯೋರು ಕೂತು ಬರೀತಾರೋ, ಓಡಾಡ್ತಾ ಬರೀತಾರೋ?" ಎಂದು ಕೇಳಿದರು. ಮೇಜಿನ ಮೇಲಿಟ್ಟು ಬರೆಯುವುದಾದರೆ ಪುಸ್ತಕ ಯಾವ ಪುಟದಲ್ಲಿ ಬಿಡಿಸಿದರೂ ಬಿಡಿಸಿದಂತೆಯೇ ಬಿದ್ದಿರಬೇಕು, ಅದಕ್ಕೆ ಅಂಟಿನ ಬೈಂಡಿಂಗ್ ಸಾಲದು, ದಾರದ ಹೊಲಿಗೆಯೇ ಆಗಬೇಕು ಎಂದು ತಾವೇ ವಿವರಿಸಿದರು. ಕನಿಷ್ಠ ಐದು ಪುಸ್ತಕ, ಒಂದಕ್ಕೆ 450 ರೂಪಾಯಿ. ಒಪ್ಪಿ ಬಂದೆ.

ಪುಸ್ತಕ ಎ4 ಅಳತೆಯದು, 200 ಪುಟ. ರಟ್ಟು ದಪ್ಪನಾಗಿದ್ದು ಕಡುನೀಲಿ ಕ್ಯಾಲಿಕೋ ಬಟ್ಟೆಯ ಹೊದಿಕೆ ಇದೆ. ಬೆನ್ನಿಗೂ ಮೂಲೆಗಳಿಗೂ ಕೆಂಪು ಬಟ್ಟೆ. ಎಂಟೆಂಟು ಹಾಳೆಗಳನ್ನು ಮಡಿಸಿ ಒಂದು ಕಟ್ಟು ಮಾಡಿ, ಅಂತಹ ಕಟ್ಟುಗಳನ್ನು ಒಂದಕ್ಕೊಂದು ಹೊಲಿದಿದ್ದಾರೆ. ಅವರು ಹೇಳಿದ ಮಾತು ನಿಜವಾಯಿತು: ಎರಡು ವರ್ಷದ ನಂತರವೂ ಪುಸ್ತಕ ಮೇಜಿನ ಮೇಲೆ ಅಂಗೈಯಂತೆ ಬಿಚ್ಚಿಕೊಂಡು ಬಿದ್ದಿರುತ್ತದೆ, ಒಂದು ಹಾಳೆಯೂ ಸಡಿಲವಾಗಿಲ್ಲ. ಇದು ಸಣ್ಣ ವಿಷಯವೆಂದು ತೋರಬಹುದು. ಆದರೆ ಎಡಪುಟ ಮತ್ತು ಬಲಪುಟ ಎರಡೂ ಒಟ್ಟಿಗೆ ಕಣ್ಣಿಗೆ ಬೀಳುವುದರ ಮೇಲೆಯೇ ಈ ಪುಸ್ತಕದ ಉಪಯೋಗ ನಿಂತಿದೆ. ಏನು ಮಾತಾಡಬೇಕೆಂದು ಬಂದೆವು, ಏನು ತೀರ್ಮಾನಿಸಿದೆವು ಎಂಬುದು ಒಂದೇ ನೋಟಕ್ಕೆ ಸಿಗಬೇಕು; ಎಡಗೈಯಲ್ಲಿ ಪುಟ ಒತ್ತಿ ಹಿಡಿದು ಬಲಗೈಯಲ್ಲಿ ಬರೆಯುವ ಪಾಡಾದರೆ ಬರೆಯುವವರು ಬೇಗ ಬೇಸತ್ತು ಚುಟುಕಾಗಿ ಗೀಚುತ್ತಾರೆ.

ಎಡಪುಟದ ಕಾಲಂಗಳಲ್ಲಿ ನಮಗೆ ಅತಿ ಹೆಚ್ಚು ಕೆಲಸ ಮಾಡಿಕೊಟ್ಟದ್ದು "ಉದ್ದೇಶ" ಎಂಬುದು. ಅದರಲ್ಲಿ ಮೂರೇ ಪದಗಳಿಗೆ ಅವಕಾಶ: ತಿಳಿಸಲು, ಚರ್ಚೆಗೆ, ತೀರ್ಮಾನಕ್ಕೆ. ಕಾರ್ಯಸೂಚಿಯನ್ನು ಸಭೆಗೆ ಮೂರು ದಿನ ಮುಂಚೆ ಬುಧವಾರ ಮಧ್ಯಾಹ್ನದೊಳಗೆ ತುಂಬಿ, ಸೂಚನಾ ಪುಸ್ತಕದೊಂದಿಗೆ ಎಲ್ಲರ ಸಹಿಗೆ ಕಳುಹಿಸುತ್ತೇವೆ. ಮೊದಲ ಸಲ ತುಂಬಿದಾಗ 11 ವಿಷಯಗಳ ಪೈಕಿ ಎಂಟರ ಮುಂದೆ "ತಿಳಿಸಲು" ಎಂದೇ ಬಂತು. ಅಷ್ಟನ್ನೂ ಸೂಚನಾ ಪುಸ್ತಕದಲ್ಲಿಯೇ ಬರೆದು ಸಹಿ ಪಡೆದರೆ ಮುಗಿಯುತ್ತಿತ್ತು; ಅದಕ್ಕೆ 17 ಮಂದಿಯನ್ನು ಶನಿವಾರ ಮಧ್ಯಾಹ್ನ ಹಸಿದ ಹೊಟ್ಟೆಯಲ್ಲಿ ಕೂರಿಸುವ ಅಗತ್ಯವೇ ಇರಲಿಲ್ಲ. ಈಗ ನಮ್ಮಲ್ಲಿ ಒಂದು ಕಟ್ಟುಪಾಡು ಇದೆ. ಕಾಲಂನಲ್ಲಿ ಬರೀ "ತಿಳಿಸಲು" ಎಂಬುದೇ ಇದ್ದರೆ ಸಭೆ ಇಲ್ಲ. ಕಳೆದ ಎರಡು ವರ್ಷದಲ್ಲಿ ಆರು ಸಭೆಗಳು ಹೀಗೆ ರದ್ದಾಗಿವೆ, ಅವುಗಳ ಎಡಪುಟಗಳು ತುಂಬಿವೆ, ಬಲಪುಟಗಳಲ್ಲಿ "ಸಭೆಯ ಅಗತ್ಯವಿಲ್ಲ" ಎಂದು ನನ್ನ ಸಹಿ ಇದೆ. ಆ ಆರು ಪುಟಗಳನ್ನು ನಾನು ಈ ಪುಸ್ತಕದ ಅತ್ಯುತ್ತಮ ಪುಟಗಳೆಂದು ಭಾವಿಸುತ್ತೇನೆ.

"ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರೆ ವಿಷಯಗಳು" ಎಂಬ ಸಾಲು ನಮ್ಮ ಎಲ್ಲ ಸಭಾ ತಿಳುವಳಿಕೆ ಪತ್ರಗಳ ಕೊನೆಯಲ್ಲಿ ತಾನಾಗಿಯೇ ಬಂದು ಕೂರುತ್ತದೆ. ಅದನ್ನು ಈ ನಮೂನೆಯಿಂದ ತೆಗೆದೆವು. ತುರ್ತಿನ ವಿಷಯ ಬಂದರೆ ಅದಕ್ಕೂ ಸೂಚಿಸಿದವರ ಹೆಸರು, ನಿಮಿಷ, ಉದ್ದೇಶ ಬರೆದೇ ಸೇರಿಸಬೇಕು. ಈ ಒಂದು ಸಾಲನ್ನು ತೆಗೆದದ್ದರಿಂದಲೇ ಸಭೆಯ ಕೊನೆಯ ಇಪ್ಪತ್ತು ನಿಮಿಷ ಉಳಿಯಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಇನ್ನು ಬಲಪುಟ. ಪುಸ್ತಕ ಕೈಗೆ ಬಂದ ದಿನ ನನಗೆ ಮೊದಲು ಕಂಡದ್ದು ಒಂದು ತಪ್ಪು. ನಾವು ಎಳೆದುಕೊಟ್ಟ ನಮೂನೆಯಲ್ಲಿ "ಹೊಣೆ" ಕಾಲಂ ಎರಡು ಇಂಚು ಇತ್ತು. ಮುದ್ರಣವಾಗಿ ಬಂದದ್ದರಲ್ಲಿ ಒಂದು ಇಂಚಿಗೂ ತುಸು ಕಡಿಮೆ. ಆ ಜಾಗವನ್ನು "ತೀರ್ಮಾನ" ನುಂಗಿಬಿಟ್ಟಿತ್ತು. ಐದೂ ಪುಸ್ತಕಗಳಲ್ಲಿ ಹಾಗೆಯೇ. ಮರಳಿ ಮುದ್ರಿಸಲು ಕಾಗದದ ಖರ್ಚು ನಮ್ಮ ಮೇಲೆ ಬೀಳುತ್ತಿತ್ತು, ಶಾಲೆ ತೆರೆಯಲು ನಾಲ್ಕು ದಿನ ಉಳಿದಿತ್ತು, ಹಾಗಾಗಿ ಇದ್ದಂತೆಯೇ ತೆಗೆದುಕೊಂಡು ಬಂದೆ.

ಜುಲೈ ತಿಂಗಳ ಸಭೆಯಲ್ಲಿ ಗಣಿತದ ವಿಷಯ ಬಂತು. ಹತ್ತನೆಯ ತರಗತಿಯಲ್ಲಿ ಒಂಬತ್ತು ಮಕ್ಕಳಿಗೆ ಭಿನ್ನರಾಶಿಯ ಕೂಡುವಿಕೆಯೇ ಬರುತ್ತಿರಲಿಲ್ಲ. ಎಂದಿನಂತೆ ಎಲ್ಲರೂ ಕಾಳಜಿಯಿಂದಲೇ ಮಾತಾಡಿದರು. ಕೊನೆಗೆ ಗುಮಾಸ್ತರು ಪೆನ್ನು ಹಿಡಿದು ಹೊಣೆಯ ಕಾಲಂಗೆ ಬಂದು, "ಎಲ್ಲ ವಿಷಯ ಶಿಕ್ಷಕರು ಹಾಗೂ ತರಗತಿ ಶಿಕ್ಷಕರು" ಎಂದು ಬರೆಯಲು ಹೊರಟು ನಿಂತರು. "ಮೇಡಂ, ಇಷ್ಟು ಇದರಲ್ಲಿ ಹಿಡಿಯಲ್ಲ. ಒಂದು ಹೆಸರು ಹಿಡೀತದೆ ಅಷ್ಟೆ" ಎಂದರು. ಕೊಠಡಿ ಒಂದು ಗಳಿಗೆ ಸುಮ್ಮನಾಯಿತು. ಆಗ ಗಣಿತದ ಶಿಕ್ಷಕರು, "ಹಾಗಾದರೆ ನನ್ನ ಹೆಸರು ಬರೀರಿ. ಆದರೆ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಅರ್ಧ ಗಂಟೆ ಆ ಮಕ್ಕಳು ನನಗೆ ಬೇಕು, ಆ ಹೊತ್ತಿಗೆ ಗೇಟು ತೆರೆದಿರಬೇಕು" ಎಂದರು. ಗೇಟು ತೆರೆಯುವುದು ಮುಂದಿನ ಸಾಲಾಯಿತು, ಅದರ ಮುಂದೆ ನಮ್ಮ ಜವಾನರ ಹೆಸರು. ಆ ಮಕ್ಕಳ ಮನೆಯವರಿಗೆ ತಿಳಿಸುವುದು ಮೂರನೆಯ ಸಾಲು, ಅದರ ಮುಂದೆ ತರಗತಿ ಶಿಕ್ಷಕಿಯ ಹೆಸರು. ಮೂರು ಕೆಲಸ, ಮೂರು ಹೆಸರು, ಮೂರು ತಾರೀಕು. ನಾಲ್ಕು ಸಭೆಗಳಲ್ಲಿ "ಸೂಕ್ತ ಕ್ರಮ" ಎಂದು ಒಂದೇ ಉಂಡೆಯಾಗಿ ಕೂತಿದ್ದ ವಿಷಯ, ಕಾಲಂ ಕಿರಿದಾದದ್ದರಿಂದ, ಮಾಡಬಹುದಾದ ಮೂರು ತುಂಡುಗಳಾಗಿ ಬಿಡಿಸಿಕೊಂಡಿತು.

ಆ ದಿನದಿಂದ ನಾವು ಹೊಣೆಯ ಕಾಲಂನಲ್ಲಿ "ಎಲ್ಲರೂ" ಎಂದಾಗಲಿ, "ಸಂಬಂಧಪಟ್ಟವರು" ಎಂದಾಗಲಿ ಬರೆದಿಲ್ಲ. ಎಲ್ಲರ ಹೆಸರಿಗೆ ಬರೆದ ಕೆಲಸ ಯಾರ ಕೆಲಸವೂ ಆಗಿರುವುದಿಲ್ಲ ಎಂಬುದನ್ನು ನಾನು ಎಷ್ಟು ಸಲ ಬಾಯಲ್ಲಿ ಹೇಳಿದ್ದರೂ ನಾಟಿರಲಿಲ್ಲ. ಒಂದು ಇಂಚಿನ ಜಾಗ ಅದನ್ನು ಮಾಡಿಸಿತು. ಎಸ್‌ಎಸ್‌ಎಲ್‌ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿರುವುದರಿಂದ ಹಿಂದುಳಿದ ಮಕ್ಕಳ ಕೆಲಸ ಮಾರ್ಚ್‌ ತಿಂಗಳಿಗೆ ಮುಗಿಯುವುದಿಲ್ಲ, ಆಮೇಲಿನ ಪರೀಕ್ಷೆಯವರೆಗೂ ಯಾರಾದರೂ ಒಬ್ಬರು ಆ ಮಗುವಿನ ಬೆನ್ನಿಗಿರಬೇಕಾಗುತ್ತದೆ. ಬೇಸಿಗೆಯ ತಿಂಗಳುಗಳಲ್ಲಿ ಅದು ಯಾರೆಂದು ತಿಳಿಯಲು ನಾವು ಈ ಕಾಲಂ ತಿರುವಿ ನೋಡುತ್ತೇವೆ.

"ಸೂಚಿಸಿದವರು" ಎಂಬ ಕಾಲಂ ಬಗ್ಗೆಯೂ ಹೇಳಬೇಕು. ಕಾರ್ಯಸೂಚಿಯ ವಿಷಯಗಳನ್ನು ಮೊದಲು ನಾನೊಬ್ಬಳೇ ಬರೆಯುತ್ತಿದ್ದೆ. ಈಗ ಸೋಮವಾರದಿಂದ ಬುಧವಾರದವರೆಗೆ ಪುಸ್ತಕ ಸಿಬ್ಬಂದಿ ಕೊಠಡಿಯ ಕಿಟಕಿಯ ಪಕ್ಕದ ಮೇಜಿನ ಮೇಲೆ ತೆರೆದಿರುತ್ತದೆ, ಯಾರು ಬೇಕಾದರೂ ವಿಷಯ ಬರೆಯಬಹುದು. ಮೊದಲ ಎರಡು ತಿಂಗಳು ಹಿರಿಯ ಶಿಕ್ಷಕರು ಮಾತ್ರ ಬರೆದರು. ಆಮೇಲೊಂದು ಬುಧವಾರ ನಮ್ಮ ಮುಖ್ಯ ಅಡುಗೆಯವರು ಬಾಗಿಲಲ್ಲಿ ನಿಂತು, "ಮೇಡಮ್ನೋರೆ, ನಂದೂ ಒಂದು ಬರಿಸ್ಬೇಕಿತ್ತು" ಎಂದರು. ಅವರಿಗೆ ಓದುಬರಹ ಬರುವುದಿಲ್ಲ, ಗುಮಾಸ್ತರು ಬರೆದುಕೊಂಡರು: "ಅಡುಗೆ ಮನೆಯ ನಲ್ಲಿಯಲ್ಲಿ 11 ಗಂಟೆಗೆ ನೀರು ನಿಲ್ಲುತ್ತದೆ." ಮೂರು ನಿಮಿಷ, ತೀರ್ಮಾನಕ್ಕೆ. ಸಭೆಯಲ್ಲಿ ಈ ವಿಷಯ ಬಂದಾಗ ತಿಳಿದದ್ದೇನೆಂದರೆ, ಮೇಲಿನ ತೊಟ್ಟಿ ತುಂಬಿ ಹೊರಗೆ ಹರಿಯುತ್ತದೆ ಎಂದು ಯಾರೋ ದೂರಿದ್ದರಿಂದ ಜವಾನರು ಬೆಳಿಗ್ಗೆ ಹತ್ತಕ್ಕೇ ಮೋಟಾರು ನಿಲ್ಲಿಸುತ್ತಿದ್ದರು. ಬೇಳೆ ಮತ್ತು ತರಕಾರಿ ತೊಳೆಯುವ ಹೊತ್ತಿಗೆ ನೀರು ಖಾಲಿ. ಅವರಿಬ್ಬರೂ ದಿನವೂ ಒಂದೇ ಅಂಗಳದಲ್ಲಿ ಓಡಾಡುವವರು. ಆದರೂ ಆ ಅಮ್ಮ ಒಂದೂವರೆ ವರ್ಷ ಬೋರ್‌ವೆಲ್‌ ಕೈಪಂಪಿನಿಂದ ಕೊಡದಲ್ಲಿ ನೀರು ಹೊತ್ತು ತಂದಿದ್ದರು. ಮೋಟಾರನ್ನು ಹತ್ತೂವರೆಗೆ ಇನ್ನೊಮ್ಮೆ ಹಾಕುವುದೆಂದು ಎರಡೇ ನಿಮಿಷದಲ್ಲಿ ತೀರ್ಮಾನವಾಯಿತು. ಅಡುಗೆಯವರನ್ನು ಸಿಬ್ಬಂದಿ ಸಭೆಗೆ ಕರೆಯುವ ವಾಡಿಕೆ ಅದಕ್ಕೂ ಮುಂಚೆ ಇತ್ತು, ಆದರೆ ಅವರು ಬಂದು ಹಿಂದಿನ ಬೆಂಚಿನಲ್ಲಿ ಕೂತು ಸಹಿ ಹಾಕಿ ಹೋಗುತ್ತಿದ್ದರು. ಆ ಒಂದೂವರೆ ವರ್ಷವನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಬಲಪುಟದ ಕೊನೆಯ ಕಾಲಂ "ಅನುಪಾಲನೆ". ಸಭೆ ಆರಂಭವಾಗುವುದೇ ಹಿಂದಿನ ಸಭೆಯ ಈ ಕಾಲಂನಿಂದ. ಹಿಂದಿನ ಸಭೆಯ ನಡವಳಿಯನ್ನು ಪೂರ್ತಿ ಓದಿ ದೃಢೀಕರಿಸುವ ಹಳೆಯ ಪದ್ಧತಿಯಲ್ಲಿ ಹತ್ತು ನಿಮಿಷ ಹೋಗುತ್ತಿತ್ತು, ಯಾರೂ ಕಿವಿಗೊಡುತ್ತಿರಲಿಲ್ಲ. ಈಗ ಆಗದೆ ಉಳಿದ ಸಾಲುಗಳನ್ನು ಮಾತ್ರ ಓದುತ್ತೇವೆ, ಹೊಣೆ ಹೊತ್ತವರು ಎದ್ದು ಏಕಾಗಲಿಲ್ಲವೆಂದು ಹೇಳುತ್ತಾರೆ, ಹೊಸ ಗಡುವು ಬೀಳುತ್ತದೆ. ಹೊಣೆ ಹೊತ್ತವರನ್ನು ಎಲ್ಲರೆದುರು ಗದರುವ ಜಾಗ ಅದಾಗಬಾರದು ಎಂಬ ಎಚ್ಚರ ನಡೆಸುವವರಿಗೆ ಇರಬೇಕು. ಒಮ್ಮೆ ಗದರಿದರೆ ಮುಂದಿನ ಸಭೆಯಿಂದ ಆ ಕಾಲಂನಲ್ಲಿ ಸುಳ್ಳು ಬರೆಯಲು ಶುರುವಾಗುತ್ತದೆ. "ಆಗಿಲ್ಲ" ಎಂದು ನಿರ್ಭಯವಾಗಿ ಹೇಳುವಂತಿದ್ದರೆ ಮಾತ್ರ "ಆಗಿದೆ" ಎಂಬುದನ್ನು ನಂಬಬಹುದು.

ಪುಸ್ತಕ ತರಲು ಹೋದ ದಿನ ಪುರಭವನದ ಮುಂದೆ ಹಾದು ಹೋಗುವಾಗ, ಆ ಕಟ್ಟಡ ಯಾರ ನೆನಪಿನದೋ ಆ ದಿವಾನ್‌ ರಂಗಾಚಾರ್ಲು ಅವರನ್ನು ನೆನೆದೆ. ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆ ಅವರ ಕಾಲದಲ್ಲಿ 1881ರಲ್ಲಿ ದಸರೆಯ ಹೊತ್ತಿಗೆ ಮೊದಲ ಬಾರಿಗೆ ಸೇರಿತು. ಕಳೆದ ವರ್ಷದ ಆಡಳಿತದಲ್ಲಿ ಏನಾಯಿತು, ಬರುವ ವರ್ಷ ಏನು ಮಾಡಲಿದ್ದೇವೆ ಎಂಬುದನ್ನು ದಿವಾನರು ಆ ಸಭೆಯ ಮುಂದೆ ಇಡುತ್ತಿದ್ದರು. ಆ ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಆದರೂ ಆದದ್ದನ್ನು ಒಪ್ಪಿಸಿ, ಆಗಬೇಕಾದದ್ದನ್ನು ಹೇಳುವ ಕ್ರಮ ಅಲ್ಲಿತ್ತು. ನಮ್ಮ ಸೀಮೆಯಲ್ಲಿ ಸಭೆಗೆ ಇಷ್ಟು ದೊಡ್ಡ ಪರಂಪರೆ ಇರುವಾಗ, ಶಾಲೆಯೊಂದರ ಸಿಬ್ಬಂದಿ ಸಭೆಯಲ್ಲಿ ಹಿಂದಿನ ತಿಂಗಳ ಮಾತಿಗೆ ಲೆಕ್ಕ ಒಪ್ಪಿಸುವುದು ಕಷ್ಟವಾಗಬಾರದು ಎನ್ನಿಸಿತು.

"ನಿಮಿಷ" ಎಂಬ ಕಾಲಂ ನನ್ನನ್ನು ತಿದ್ದಿತು. ಪ್ರತಿ ವಿಷಯಕ್ಕೂ ಎಷ್ಟು ನಿಮಿಷವೆಂದು ಮೊದಲೇ ಬರೆದು, ನಿಜವಾಗಿ ಹಿಡಿದ ಹೊತ್ತನ್ನು ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯುವ ಕೆಲಸವನ್ನು ದೈಹಿಕ ಶಿಕ್ಷಕರಿಗೆ ವಹಿಸಿದೆವು. ಅವರ ಕೈಯಲ್ಲಿ ಸ್ಟಾಪ್‌ವಾಚ್‌ ಹೇಗೂ ಇರುತ್ತದೆ. ಮೊದಲ ಐದು ಸಭೆಗಳಲ್ಲಿ ಹೆಚ್ಚು ಹೊತ್ತು ಹಿಡಿದದ್ದು ನಾನು ಮಂಡಿಸಿದ ವಿಷಯಗಳೇ. ಅದನ್ನು ಯಾರೂ ನನಗೆ ಹೇಳಿರಲಿಲ್ಲ, ಹೇಳುವುದೂ ಅವರಿಗೆ ಸಾಧ್ಯವಿರಲಿಲ್ಲ, ಅಂಕಿ ಹೇಳಿತು. ಈಗ ಚರ್ಚೆಯ ವಿಷಯಗಳಲ್ಲಿ ನಾನು ಕೊನೆಯಲ್ಲಿ ಮಾತಾಡುತ್ತೇನೆ. ಮುಖ್ಯಸ್ಥರು ಮೊದಲು ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರ ಮಾತು ಅದಕ್ಕೆ ತಲೆದೂಗುವುದಷ್ಟೇ ಆಗುತ್ತದೆ, ವಿಶೇಷವಾಗಿ ಹೊಸದಾಗಿ ಸೇರಿದ ಅತಿಥಿ ಶಿಕ್ಷಕರಿದ್ದಾಗ. ಕೊರೊನಾ ಕಾಲದಲ್ಲಿ ಜೂಮ್‌ನಲ್ಲಿ ಸಭೆ ಮಾಡಿದ್ದವರಿಗೆ ನೆನಪಿರಬಹುದು, ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಸಂಪರ್ಕ ತಾನಾಗಿಯೇ ಕಡಿದುಹೋಗುತ್ತಿತ್ತು. ಆ ಭಯಕ್ಕೆ ನಮ್ಮ ಮಾತುಗಳು ಆಗ ಅಡಕವಾಗಿದ್ದವು. ಅದೇ 40 ನಿಮಿಷವನ್ನು, ಒಂದು ಪಿರಿಯಡ್‌ನ ಅಳತೆಯೆಂದು, ಈಗ ನಮ್ಮ ಸಭೆಗೂ ಇಟ್ಟುಕೊಂಡಿದ್ದೇವೆ. ಸಭೆಯನ್ನು ತಿಂಗಳಿಗೊಮ್ಮೆ ಒಂದೂವರೆ ಗಂಟೆ ನಡೆಸುವುದಕ್ಕಿಂತ ಹದಿನೈದು ದಿನಕ್ಕೊಮ್ಮೆ 40 ನಿಮಿಷ ನಡೆಸುವುದು ನಮಗೆ ಒಗ್ಗಿದೆ.

ವಾಟ್ಸಾಪ್‌ ಗುಂಪು ಇರುವಾಗ ಪುಸ್ತಕವೇಕೆ ಎಂದು ಹಲವರು ಕೇಳಿದ್ದಾರೆ. ತಿಳಿಸುವ ಕೆಲಸಕ್ಕೆ ಗುಂಪು ಸಾಕು, ನಾವೂ ಬಳಸುತ್ತೇವೆ. ತೀರ್ಮಾನಕ್ಕೆ ಅದು ಆಗದು. ಶುಭೋದಯದ ಚಿತ್ರಗಳ ಮತ್ತು ಹುಟ್ಟುಹಬ್ಬದ ಹಾರೈಕೆಗಳ ಕೆಳಗೆ ಜೂನ್‌ ತಿಂಗಳ ತೀರ್ಮಾನವನ್ನು ನವೆಂಬರ್‌ನಲ್ಲಿ ಹುಡುಕುವುದು ಯಾರಿಂದಲೂ ಆಗುವುದಿಲ್ಲ. ಕಂಪ್ಯೂಟರಿನಲ್ಲಿ ಹಂಚಿಕೊಳ್ಳುವ ಕೋಷ್ಟಕವನ್ನೂ ಒಂದು ತಿಂಗಳು ಪ್ರಯತ್ನಿಸಿದೆವು. ಕಚೇರಿಯಲ್ಲಿ ಎಲ್ಲರ ಮೇಜಿನ ಮೇಲೂ ಕಂಪ್ಯೂಟರ್‌ ಇರುವವರಿಗೆ ಅದೇ ಒಳ್ಳೆಯದಿರಬಹುದು. ನಮ್ಮಲ್ಲಿ ಇರುವುದು ಒಂದೇ, ಅದೂ ಸ್ಯಾಟ್ಸ್‌ (ಮಕ್ಕಳ ವಿವರ ದಾಖಲಿಸುವ ಇಲಾಖೆಯ ಜಾಲತಾಣ) ದತ್ತಾಂಶ ತುಂಬುವುದರಲ್ಲೇ ದಿನವಿಡೀ ಮುಳುಗಿರುತ್ತದೆ.

ಇನ್ನು ದೋಷಗಳು. ಕೊಟ್ಟ ಮಾತಿಗಿಂತ 11 ದಿನ ತಡವಾಗಿ ಪುಸ್ತಕ ಕೈಗೆ ಬಂತು, ಅದಕ್ಕಾಗಿ ಎರಡು ಸಲ ಸುಮ್ಮನೆ ಮೈಸೂರಿಗೆ ಹೋಗಿಬಂದೆ. ಕಾಗದ ತೆಳುವಾದದ್ದು, ಬಾಲ್‌ ಪೆನ್ನಿಗೆ ತೊಂದರೆಯಿಲ್ಲ, ಆದರೆ ಜೆಲ್‌ ಪೆನ್ನಿನಲ್ಲಿ ಬರೆದರೆ ಹಿಂದಿನ ಪುಟಕ್ಕೆ ಇಳಿಯುತ್ತದೆ, ಶಾಯಿ ಪೆನ್ನಿನಲ್ಲಿ ಬರೆಯುವ ನಮ್ಮ ಕನ್ನಡ ಶಿಕ್ಷಕರಿಗೆ ಇದರಿಂದ ಬಹಳ ಬೇಸರ. ಹೊಲಿಗೆಯ ಕಡೆ ಬಿಡಬೇಕಾದ ಅಂಚು ಕಡಿಮೆಯಾಗಿ, ಬಲಪುಟದ ಕ್ರಮಸಂಖ್ಯೆಗಳು ಮಡಿಕೆಯೊಳಗೆ ಅರ್ಧ ಮರೆಯಾಗುತ್ತವೆ. ಮೂಲೆಯ ಬಟ್ಟೆ ಒಂದು ಕಡೆ ಎದ್ದಿದೆ, ಅದನ್ನು ನಾವೇ ಅಂಟಿಸಿಕೊಂಡೆವು.

ಇವೆಲ್ಲಕ್ಕಿಂತ ಗಂಭೀರವಾದದ್ದು ಪುಟಸಂಖ್ಯೆಯ ತಪ್ಪು. ಸಂಖ್ಯೆ ಒತ್ತುವ ಯಂತ್ರ ಎಲ್ಲೋ ಕಚ್ಚಿಕೊಂಡು 63 ಎಂಬ ಅಂಕಿ ಎರಡು ಪುಟಗಳ ಮೇಲೆ ಬಿದ್ದಿದೆ. ನಡವಳಿ ಪುಸ್ತಕದಲ್ಲಿ ಪುಟಸಂಖ್ಯೆ ಅಲಂಕಾರಕ್ಕಲ್ಲ. ಒಂದು ಹಾಳೆ ಹರಿದು ತೆಗೆದಿಲ್ಲ, ಒಂದು ಹಾಳೆ ಆಮೇಲೆ ಸೇರಿಸಿಲ್ಲ ಎಂಬುದಕ್ಕೆ ಇರುವ ಸಾಕ್ಷಿಯೇ ಅದು. ಕಂಪನಿಗಳ ವಿಷಯದಲ್ಲಿ ಕಾನೂನು ಇದನ್ನು ಎಷ್ಟು ಬಿಗಿಯಾಗಿ ನೋಡುತ್ತದೆಂದರೆ, 2013ರ ಕಂಪನಿ ಕಾಯ್ದೆಯ 118ನೆಯ ಕಲಂ ಅಡಿಯಲ್ಲಿ ಸಭೆ ಮುಗಿದ 30 ದಿನಗಳೊಳಗೆ ನಡವಳಿ ಪುಸ್ತಕದಲ್ಲಿ ದಾಖಲಾಗಬೇಕು, ಪುಟಗಳಿಗೆ ಅನುಕ್ರಮ ಸಂಖ್ಯೆ ಇರಬೇಕು. ನಮ್ಮ ಶಾಲೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ, ಆದರೆ ಅದರ ಹಿಂದಿರುವ ಕಾರಣ ನಮಗೂ ಅನ್ವಯಿಸುತ್ತದೆ. ಎರಡನೆಯ ಪುಟವನ್ನು 63-ಎ ಎಂದು ತಿದ್ದಿ, ತಿದ್ದಿದ ಕಾರಣ ಬರೆದು, ಸಹಿ ಮತ್ತು ಮೊಹರು ಹಾಕಿದ್ದೇನೆ. ಇಂತಹ ಪುಸ್ತಕ ಕೊಳ್ಳುವವರು ಹಣ ಕೊಡುವ ಮುಂಚೆ ಅಲ್ಲೇ ಕೂತು ಮೊದಲಿನಿಂದ ಕೊನೆಯವರೆಗೆ ಪುಟಸಂಖ್ಯೆ ನೋಡಿಕೊಳ್ಳಬೇಕು. ಹತ್ತು ನಿಮಿಷದ ಕೆಲಸ, ನಾನು ಮಾಡಲಿಲ್ಲ.

ಉಳಿದ ನಾಲ್ಕು ಪುಸ್ತಕಗಳಲ್ಲಿ ಎರಡನ್ನು ಪರಿಚಯದ ಮುಖ್ಯೋಪಾಧ್ಯಾಯರು ಕೊಂಡರು. ಒಬ್ಬರು ಚೆನ್ನಾಗಿ ಬಳಸುತ್ತಿದ್ದಾರೆ. ಇನ್ನೊಬ್ಬರಲ್ಲಿ ಎಡಪುಟಗಳೆಲ್ಲ ಖಾಲಿ ಇವೆ, ಬಲಪುಟಗಳು ಮಾತ್ರ ತುಂಬಿವೆ. ಹಾಗೆ ಬಳಸುವುದಾದರೆ 60 ರೂಪಾಯಿಯ ಸಾಧಾರಣ ರಿಜಿಸ್ಟರ್‌ ಸಾಕು, ಏಕೆಂದರೆ ಸಭೆಯ ಮುಕ್ಕಾಲು ಪಾಲು ಕೆಲಸ ಎಡಪುಟದಲ್ಲಿಯೇ ಆಗುವುದು. ಮೂರನೆಯದನ್ನು ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಗಳು ತೆಗೆದುಕೊಂಡು, ಎರಡು ತಿಂಗಳ ನಂತರ ಹಿಂದಿರುಗಿಸಿದರು. ಅವರ ಆಡಳಿತ ಮಂಡಳಿಯ ಸಭೆಯಲ್ಲಿ ಠರಾವಿನ ಪೂರ್ಣ ಪಾಠ, ಸೂಚಕರು, ಅನುಮೋದಕರು ಎಲ್ಲವನ್ನೂ ಬರೆಯಬೇಕು, ಅದಕ್ಕೆ ನಮ್ಮ ನಮೂನೆಯಲ್ಲಿ ಜಾಗ ಸಾಲದು. ಅವರ ಮಾತು ಸರಿಯಾಗಿದೆ. ಇದು ಸಿಬ್ಬಂದಿ ಸಭೆಗೆ ಒಪ್ಪುವ ಪುಸ್ತಕ. ಕಾಯ್ದೆಯ ಪ್ರಕಾರ ಠರಾವು ಪಾಸು ಮಾಡಬೇಕಾದ ಆಡಳಿತ ಮಂಡಳಿಗೆ ಬೇರೆಯದೇ ಬೇಕು. ಆದರೆ ಸಂಘದ ನೌಕರರ ವಾರದ ಸಭೆಗೆ, ಅಂದರೆ ಹಾಲು ಅಳೆಯುವವರು, ಪರೀಕ್ಷಕರು, ಲೆಕ್ಕ ಬರೆಯುವವರು ಸೇರುವ ಸಭೆಗೆ, ಎಡಪುಟದ ನಮೂನೆಯನ್ನು ನಕಲು ತೆಗೆಸಿ ಬಳಸುತ್ತಿದ್ದೇವೆ ಎಂದು ಮೊನ್ನೆ ಸಿಕ್ಕಾಗ ಹೇಳಿದರು.

ಒಟ್ಟಿನಲ್ಲಿ 450 ರೂಪಾಯಿಗೆ ಇದು ದುಬಾರಿಯಲ್ಲ. ನಾವು ಇದುವರೆಗೆ ತುಂಬಿದ್ದು ಅರ್ಧಕ್ಕೂ ತುಸು ಕಡಿಮೆ, ಇನ್ನೆರಡು ವರ್ಷ ಬರುತ್ತದೆ. ಮೊನ್ನೆ ಏಪ್ರಿಲ್‌ನಲ್ಲಿ ಇನ್ನೂ ಮೂರು ಶಾಲೆಗಳವರು ಕೇಳಿದ್ದರಿಂದ ಮತ್ತೆ ಐದು ಪುಸ್ತಕಕ್ಕೆ ಹೇಳಿಬಂದೆ. ಕಾಗದ ದಪ್ಪನಾಗಿರಲಿ, ಹೊಲಿಗೆಯ ಕಡೆ ಒಂದು ಇಂಚು ಅಂಚು ಬಿಡಲಿ, ಗುರುತಿಗೆ ಒಂದು ಲಾಡಿ ಇರಲಿ ಎಂದೆ. ಪುಟಸಂಖ್ಯೆ ಕನ್ನಡ ಅಂಕಿಗಳಲ್ಲಿ ಆಗಬಹುದೇ ಎಂದೂ ಕೇಳಿದೆ. ದೊಡ್ಡ ಗಡಿಯಾರದ ಮುಖದ ಮೇಲೆ ಕನ್ನಡ ಅಂಕಿಗಳಿರುವ ಊರಿನಲ್ಲಿ ಅದು ಅತಿಯಾಸೆಯಲ್ಲ. ತಮ್ಮಲ್ಲಿರುವ ಯಂತ್ರದಲ್ಲಿ ಆಗುವುದಿಲ್ಲ, ಮುದ್ರಣದಲ್ಲಿಯೇ ಹಾಕಿಸಿದರೆ ಪುಸ್ತಕಕ್ಕೆ 30 ರೂಪಾಯಿ ಹೆಚ್ಚಾಗುತ್ತದೆ ಎಂದರು, ಒಪ್ಪಿದೆ. ಹಳೆಯ ನಮೂನೆಯನ್ನು ಮುಂದಿಟ್ಟುಕೊಂಡು ಹೊಣೆಯ ಕಾಲಂ ಮೇಲೆ ಬೆರಳಿಟ್ಟು, "ಹೋದ್ಸಲ ಇದು ಸಣ್ಣದಾಗಿ ನಿಮಗೆ ಬೇಜಾರಾಗಿತ್ತಲ್ಲ, ಈ ಸಲ ಅಗಲ ಮಾಡಿಸ್ತೀನಿ" ಎಂದರು. ಅದು ಹಾಗೆಯೇ ಇರಲೆಂದು ಹೇಳಿ, ಅಳತೆಯನ್ನು ಸ್ಕೇಲಿನಲ್ಲಿ ನೋಡಿ ನಮೂನೆಯ ಮೇಲೆ ಬರೆದುಕೊಟ್ಟು, 1,000 ರೂಪಾಯಿ ಮುಂಗಡ ಕೊಟ್ಟು ಬಂದಿದ್ದೇನೆ. ಶಾಲೆ ತೆರೆಯುವುದಕ್ಕೆ ಒಂದು ವಾರ ಮುಂಚೆ ಕೊಡುವುದಾಗಿ ಹೇಳಿದ್ದಾರೆ.